ಹೊಳೆ ಈಸಿದ ಅಜ್ಜ

ಮಾಲತೇಶಪ್ಪನವರು ತುಂಗಭದ್ರೆಯನ್ನು ಈಸಿ ದಾಟಿದ್ದು ಐರಣಿಯ ಹತ್ತಿರ, ಹೊಳೆ ತುಂಬಿ ಹರಿಯುವಾಗ. ಹಾಗಂತ ಹೇಳಿದವರು ಅವರೇ. ಮೊಮ್ಮಕ್ಕಳು ಊಟಕ್ಕೆ ಹಟ ಮಾಡಿದಾಗಲೆಲ್ಲ ಹೇಳಿ ಹೇಳಿ ಹೊಳೆ ಅಗಲವಾಗುತ್ತ ಹೋಗಿತ್ತು, ಈಚೆಗೆ ಒಂದು ಮೊಸಳೆಯೂ ಬಂದು ಸೇರಿಕೊಂಡಿತ್ತು. ಖರೇ ಹೇಳಬೇಕೆಂದರೆ ಬ್ಯಾಡಗಿಯ ಈ ಮೆಣಸಿನಕಾಯಿ ವ್ಯಾಪಾರಿ ಮೊಣಕಾಲಿಗಿಂತ ಮೇಲಿನ ನೀರಿಗೆ ಇಳಿದವರೇ ಅಲ್ಲ. ಬಚ್ಚಲಲ್ಲಿ ಹಂಡೆ ತುಂಬಿದ್ದರೂ ಒಂದು ಹೆಜ್ಜೆ ದೂರ ನಿಂತು ಚೊಂಬು ಅದ್ದುವ ಆಸಾಮಿ!

ಇಂಥವರನ್ನು ದೇವರು ಸುಮ್ಮನೆ ಬಿಡುತ್ತಾನೆಯೇ? ರಾಣೆಬೆನ್ನೂರಿನಲ್ಲಿ ಮಗಳು ಸುಧಾರಾಣಿಯ ಮನೆಯ ಹತ್ತಿರವೇ, ಮೇಲೆ ತಗಡು ಹೊದಿಸಿದ ಈಜುಕೊಳವೊಂದು ಶುರುವಾಯಿತು. ಡಿಸೆಂಬರಿನ ಒಂದು ಭಾನುವಾರ ಮಾಲತೇಶಪ್ಪನವರು ಬೆಳಿಗ್ಗೆ ಗೋದಾಮಿನಲ್ಲಿ ಹೊಸ ಮೆಣಸಿನಕಾಯಿ ಇಳಿಸಿಕೊಂಡು, ಉಟ್ಟ ಬಟ್ಟೆಯಲ್ಲೇ ಬಸ್ಸು ಹತ್ತಿ ಬಂದರೆ, ಮಗಳು ಸೊಂಟ ಹಿಡಿದು ಮಲಗಿದ್ದಳು.

"ಅಪ್ಪಾ, ಇವತ್ತ ಹುಡುಗೂರನ್ನ ನೀನ ಈಸಾಕ ಕರಕೊಂಡು ಹೋಗು. ಸಣ್ಣ ಹುಡುಗೂರ ಜೋಡಿ ದೊಡ್ಡವರೊಬ್ಬರು ನೀರಿಗೆ ಇಳೀಬೇಕಂತ."

"ಈ ಥಂಡ್ಯಾಗ? ಕೂಸುಗಳಿಗೆ ನೆಗಡಿ ಆದೀತವಾ!"

"ನೀರು ಬೆಚ್ಚಗಿರತೈತಿ."

"ಅಜ್ಜ ಬರ್ತಾನ! ಹೊಳಿ ದಾಟಿದ ಅಜ್ಜ!" ಎಂದು ಆರು ವರ್ಷದ ಯುವರಾಜ ಕುಣಿದ. ಅವನ ತಂಗಿ ಪ್ರಿಯಾಂಕಾ ಆಗಲೇ ಚಡ್ಡಿಯ ಮೇಲೆ ಸ್ವೆಟರು ತೊಟ್ಟು, ತಲೆಗೆ ಕುಂಚಿಗೆ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಬರುವುದಿಲ್ಲ ಎಂದರೆ ಮೊಮ್ಮಕ್ಕಳ ಮುಂದೆ ಮಾನ ಹೋಯಿತು. ಬರುತ್ತೇನೆ ಎಂದರೆ ಮಾನದ ಜೊತೆ ಪ್ರಾಣವೂ ಹೋಯಿತು. ಮಾಲತೇಶಪ್ಪನವರು ಮಂಕಿ ಕ್ಯಾಪನ್ನು ಕಿವಿಯ ಕೆಳಗೆ ಎಳೆದುಕೊಂಡು ಹೊರಟರು.

ನೀರು ಬೆಚ್ಚಗಿದೆ ಎಂದು ಕೊಳದ ಗೋಡೆಯ ಮೇಲೆ ದೊಡ್ಡದಾಗಿ ಬರೆದಿತ್ತು. ನೀರಿಗೆ ಓದು ಬರುತ್ತಿರಲಿಲ್ಲ. ಗಾಳಿ ಬರಬಾರದೆಂದು ಕಿಟಕಿಗಳನ್ನೆಲ್ಲ ಮುಚ್ಚಿದ್ದರು, ಒಳಗೆ ಮಕ್ಕಳು ಹಲ್ಲು ಕಟಕಟಿಸುತ್ತಲೇ ನೀರು ಎರಚಾಡುತ್ತಿದ್ದವು. ಈಜು ಕಲಿಸುವ ಸಲಾವುದ್ದೀನ ಕೊರಳಲ್ಲಿ ಸೀಟಿ ತೂಗಿಸಿಕೊಂಡು ಬಂದವನು ಅಜ್ಜನ ಧೋತರ ನೋಡಿದ.

"ಸಾವ್ಕಾರ್ರ, ಧೋತರ ಉಟ್ಕೊಂಡು ಇಳಿಯಂಗಿಲ್ರಿ. ಚಡ್ಡಿ ಬೇಕು."

"ಅಯ್ಯ, ನಾ ತಂದೇ ಇಲ್ಲಲ್ಲೋ ತಮ್ಮಾ! ಹಂಗಾರ ದಂಡಿ ಮ್ಯಾಲ ಕುಂದರ್ತೀನಿ ಬಿಡು," ಎಂದರು ಅವರು, ಖುಷಿ ಮುಚ್ಚಿಡಲಾರದೆ.

"ಚಿಂತಿ ಬ್ಯಾಡ್ರಿ, ನನ್ನ ಹತ್ರ ಒಂದು ಐತಿ."

ಹಾಳಾದವನು ತಂದುಕೊಟ್ಟ ಹೂವಿನ ಚಡ್ಡಿಯಲ್ಲಿ ಇಬ್ಬರು ಸಾವ್ಕಾರರು ಹಿಡಿಸುತ್ತಿದ್ದರು. ಒಂದು ಕೈಯಲ್ಲಿ ಚಡ್ಡಿ, ಇನ್ನೊಂದು ಕೈಯಲ್ಲಿ ದಂಡೆಯ ಕಂಬಿ ಹಿಡಿದು, "ಯಪ್ಪಾ, ಯವ್ವಾ" ಎನ್ನುತ್ತ ಮಾಲತೇಶಪ್ಪನವರು ಸೊಂಟಮಟ್ಟ ನೀರಿಗೆ ಇಳಿದರು. ಇಳಿದವರು ಅಲ್ಲಿಂದ ಅಲ್ಲಾಡಲಿಲ್ಲ. ಪ್ರಿಯಾಂಕಾ ಗಾಳಿ ಟ್ಯೂಬಿನೊಳಗೆ ಕೂತು ಪಕ್ಕದಲ್ಲೇ ತೇಲುತ್ತಿದ್ದಳು.

ಯುವರಾಜನ ಕ್ಲಾಸಿನ ಹನುಮೇಶನೂ ತನ್ನ ಅಪ್ಪನ ಜೊತೆ ಬಂದಿದ್ದ. ಆ ಅಪ್ಪನೋ, ಈ ತುದಿಯಿಂದ ಆ ತುದಿಗೆ ಸರಸರ ಈಸುತ್ತಿದ್ದ.

"ಏ ಯುವರಾಜಾ, ನಿಮ್ಮಜ್ಜ ಕಂಬಿ ಯಾಕ ಬಿಡವಲ್ಲ?"

"ನಮ್ಮಜ್ಜಗ ಇಷ್ಟ ನೀರು ಸಾಲಂಗಿಲ್ಲಲೇ. ಹೊಳಿ ಬೇಕು ಹೊಳಿ!"

ಅಜ್ಜ ಗಂಭೀರವಾಗಿ ತಲೆಯಾಡಿಸಿದರು. ಆದರೆ ಹನುಮೇಶನ ಕಣ್ಣು ಕಂಬಿಯ ಮೇಲಿಂದ ಕದಲಲೊಲ್ಲದು. ಇನ್ನು ಇಲ್ಲಿದ್ದರೆ ಬಣ್ಣ ಬಯಲಾಗುತ್ತದೆಂದು, "ಸ್ವಲ್ಪ ಮೈ ಒರಸ್ಕೊಂಡು ಬರ್ತೀನಿ" ಎಂದು ಮೇಲೆ ಹತ್ತಿ, ದಂಡೆಯ ಮೇಲಿಟ್ಟಿದ್ದ ತಮ್ಮ ಹೆಗಲ ವಲ್ಲಿಯನ್ನು ತೆಗೆದುಕೊಂಡು, ರೂಢಿಯಂತೆ ಎರಡು ಸಲ ಫಟಫಟ ಝಾಡಿಸಿದರು.

ಬೆಳಗಿನಿಂದ ಆ ವಲ್ಲಿ ಇದ್ದದ್ದು ಮೆಣಸಿನಕಾಯಿ ಗೋದಾಮಿನಲ್ಲಿ! ಅದರ ಘಾಟು ಮಾಲತೇಶಪ್ಪನವರ ಮೂಗಿಗೆ ಹತ್ತಲೇ ಇಲ್ಲ. ಹುಟ್ಟಿದಂದಿನಿಂದ ಅದನ್ನೇ ಉಸಿರಾಡಿದ ಬ್ಯಾಡಗಿಯ ಮೂಗು ಅದು. ರಾಣೆಬೆನ್ನೂರಿನ ಮೂಗುಗಳಿಗೆ ಮಾತ್ರ ಆ ಭಾಗ್ಯವಿರಲಿಲ್ಲ.

ಮೊದಲು ಸೀನಿದವನು ಸಲಾವುದ್ದೀನ, ಅದೂ ಬಾಯಲ್ಲಿ ಸೀಟಿ ಇಟ್ಟುಕೊಂಡು. ಸೀಟಿ ಊದಿದರೆ ತಲೆ ಮುಳುಗಿಸಬೇಕೆಂದು ಅವನೇ ಕಲಿಸಿದ್ದ. ಪೀಂ! ಮಕ್ಕಳೆಲ್ಲ ಮುಳುಗಿದವು. ಎದ್ದು "ಆಕ್ಷೀ" ಎಂದವು. ಪೀಂ! ಮತ್ತೆ ಮುಳುಗಿದವು. ಹನುಮೇಶನ ಅಪ್ಪ ನಡುನೀರಿನಲ್ಲಿ ಸೀನಿ, ದಿಕ್ಕು ತಪ್ಪಿ, ಗೋಡೆಗೆ ತಲೆ ಜಪ್ಪಿಕೊಂಡ. ಸಲಾವುದ್ದೀನ ಕಣ್ಣು ಉಜ್ಜಿಕೊಳ್ಳುತ್ತ, "ಯಾರಲೇ ಒಗ್ಗರಣಿ ಹಾಕಿದವ್ರು?" ಎಂದು ಕೂಗುತ್ತಿದ್ದ.

ಆಗ ಮಾಲತೇಶಪ್ಪನವರಿಗೆ ಕಂಡದ್ದು ಪ್ರಿಯಾಂಕಾಳ ಗಾಳಿ ಟ್ಯೂಬು. ಟ್ಯೂಬು ತೇಲುತ್ತಿತ್ತು, ಒಳಗೆ ಪ್ರಿಯಾಂಕಾ ಇರಲಿಲ್ಲ.

"ಯವ್ವಾ, ನನ್ನ ಕೂಸು!"

ಹಿಂದೆ ನೋಡಲಿಲ್ಲ, ಮುಂದೆ ನೋಡಲಿಲ್ಲ. ವಲ್ಲಿ ಸಮೇತ ಧಡಾರನೆ ಜಿಗಿದರು. ಮುಳುಗಿದರು, ನೀರು ಕುಡಿದರು, ಎದ್ದು "ಪ್ರಿಯಾಂಕಾ" ಎಂದು ಕಿರುಚಿ ಮತ್ತೆ ಮುಳುಗಿದರು. ಸತ್ತೆ ಎಂದೇ ಅವರು ನಿಶ್ಚಯ ಮಾಡಿಕೊಂಡಿದ್ದರು, ಅಷ್ಟರಲ್ಲಿ ಪುಟ್ಟ ಕೈಯೊಂದು ಅವರ ಕಿವಿ ಹಿಡಿದು ಎಳೆಯಿತು.

"ಅಜ್ಜಾ, ಎದ್ದು ನಿಂದ್ರು. ನಿನ್ನ ಕಾಲು ನೆಲಕ್ಕ ಹತ್ತತಾವು."

ಸೀನಿದ ರಭಸಕ್ಕೆ ಟ್ಯೂಬಿನಿಂದ ಜಾರಿದ್ದ ಪ್ರಿಯಾಂಕಾ ಮೆಟ್ಟಿಲ ಮೇಲೆ ಕಂಬಿ ಹಿಡಿದು ಆರಾಮಾಗಿ ಕೂತಿದ್ದಳು. ಅಜ್ಜ ನಿಂತರು. ನೀರು ಸೊಂಟದ ಮಟ್ಟಕ್ಕಿತ್ತು. ಹೂವಿನ ಚಡ್ಡಿ ಮಾತ್ರ ಆಚೆ ದಂಡೆಯತ್ತ ತನ್ನಷ್ಟಕ್ಕೆ ತಾನು ಈಸಿಕೊಂಡು ಹೊರಟಿತ್ತು. ಅವರು ಲಗುಬಗೆಯಿಂದ ವಲ್ಲಿಯನ್ನೇ ಸೊಂಟಕ್ಕೆ ಸುತ್ತಿಕೊಂಡರು.

"ನಿಮ್ಮಜ್ಜಗ ಈಸಾಕ ಬರಂಗಿಲ್ಲಲೇ!" ಹನುಮೇಶ ಕೇಕೆ ಹಾಕಿದ. ಸೀನುತ್ತಿದ್ದವರೆಲ್ಲ ನಗತೊಡಗಿದರು.

ಮಾಲತೇಶಪ್ಪನವರಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಯುವರಾಜ ಅವರನ್ನೇ ನೋಡುತ್ತಿದ್ದ. ಆ ಕಣ್ಣಿಗೆ ಇನ್ನೊಂದು ಸುಳ್ಳು ಹೇಳಲು ಅವರಿಗೆ ಮನಸ್ಸಾಗಲಿಲ್ಲ.

"ಖರೇ ಐತಪಾ. ನನಗ ಈಸಾಕ ಬರಂಗಿಲ್ಲ. ಹೊಳಿ ದಾಟಿದ್ದೂ ಸುಳ್ಳು."

ಯುವರಾಜ ಅಜ್ಜನನ್ನು ನೋಡಿದ, ಮೆಟ್ಟಿಲ ಮೇಲಿನ ತಂಗಿಯನ್ನು ನೋಡಿದ. ಆಮೇಲೆ ಮೂಗು ಒರೆಸಿಕೊಂಡು ಹನುಮೇಶನ ಕಡೆ ತಿರುಗಿದ.

"ಈಸಾಕ ಬರೋರು ಯಾರ ಬೇಕಾದ್ರೂ ಜಿಗೀತಾರ್ಲೇ. ನಮ್ಮಜ್ಜ ಬರದಿದ್ರೂ ಜಿಗಿದಾನ. ನಿಮ್ಮಪ್ಪ ಹಂಗ ಜಿಗೀತಾನೇನು?"

ಹನುಮೇಶನ ನಗು ನಿಂತಿತು. ಹಣೆ ತಿಕ್ಕಿಕೊಳ್ಳುತ್ತಿದ್ದ ತನ್ನ ಅಪ್ಪನ ಹತ್ತಿರ ಹೋದ.

"ಅಪ್ಪಾ, ನಿನಗ ಖರೇನ ಈಸಾಕ ಬರತೈತೇನು?"

"ಬರತೈತಲ್ಲೋ, ಭಾಳ ಚೊಲೋ ಬರತೈತಿ!" ಎಂದ ಅಪ್ಪ, ಎದೆ ಉಬ್ಬಿಸಿ.

"ಹೋಗ್ಲಿ ಬಿಡು," ಎಂದು ಹನುಮೇಶ ಮುಖ ಸಣ್ಣದು ಮಾಡಿಕೊಂಡ.