ಉಪ್ಪು ನಾಪತ್ತೆ, ಜೀವಹಾನಿ ಇಲ್ಲ

ಗುಳುಮಣ್ಣ ಊಟ ಮಾಡುತ್ತಿದ್ದ ಎಂದರೆ ಊಟಕ್ಕೆ ಅವಮಾನ. ಅವನು ತಟ್ಟೆ ಖಾಲಿ ಮಾಡುತ್ತಿದ್ದ, ಅಷ್ಟೇ. ಇಪ್ಪತ್ತೆರಡು ವರ್ಷ ಅಗ್ನಿಶಾಮಕ ಠಾಣೆಯಲ್ಲಿ ದುಡಿದವನು. ಅಲ್ಲಿ ಕೂತು ಉಣ್ಣುವ ಪದ್ಧತಿಯೇ ಇರಲಿಲ್ಲ. ಗಂಟೆ ಯಾವಾಗ ಬಡಿದುಕೊಳ್ಳುತ್ತದೋ ಯಾರಿಗೆ ಗೊತ್ತು? ಹೊಸದಾಗಿ ಸೇರಿದವರಿಗೆ ಏಣಿ ಹತ್ತುವುದನ್ನು ಕಲಿಸುವ ಮೊದಲೇ ನುಂಗುವುದನ್ನು ಕಲಿಸುತ್ತಿದ್ದರು. ಬೂಟು ಕಾಲಲ್ಲೇ ಇರಬೇಕು, ನಿಂತೇ ತಿನ್ನಬೇಕು, ಗುಳುಂ ಗುಳುಂ ಎಂದು ಮೂರೂವರೆ ನಿಮಿಷದಲ್ಲಿ ಡಬ್ಬಿ ತೊಳೆದಿಡಬೇಕು. ಈ ವಿದ್ಯೆಯಲ್ಲಿ ಅವನನ್ನು ಮೀರಿಸಿದವರಿಲ್ಲ. ಹೆಸರು ಬಂದದ್ದೇ ಹಾಗೆ. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು.

ಗಂಟೆಯೇನೋ ಈಗೀಗ ವಾರಕ್ಕೆರಡು ಸಲ ಹೊಡೆದರೆ ಹೆಚ್ಚು. ಅದರಲ್ಲೂ ಒಂದು, ಮರ ಹತ್ತಿ ಇಳಿಯಲು ಬಾರದ ಬೆಕ್ಕಿನದು. ಆದರೆ ಅಂಟಿದ ಚಾಳಿ ಬಿಡುತ್ತದೆಯೇ? ರಜೆಯ ದಿನ ಮನೆಯಲ್ಲೂ ಅದೇ ಓಟ. ಹೆಂಡತಿ ತಟ್ಟೆ ಇಟ್ಟು ನೀರು ತರಲು ಒಳಗೆ ಹೋಗಿ ಬರುವಷ್ಟರಲ್ಲಿ, "ಚೆನ್ನಾಗಿತ್ತು ಕಣೇ," ಎನ್ನುತ್ತಾ ಕೈ ತೊಳೆಯುತ್ತಿರುತ್ತಿದ್ದ. ಹೊಟ್ಟೆ ತುಂಬಿದ ಸುದ್ದಿ ತಲೆಗೆ ಮುಟ್ಟುವ ಮೊದಲೇ ಊಟ ಮುಗಿದಿರುತ್ತಿತ್ತು. ಹಾಗಾಗಿ ತಾಸು ಕಳೆಯುವುದರೊಳಗೆ ಮತ್ತೆ ಹಸಿವು. ಆಗ ಅಂಗಡಿಯ ಪೊಟ್ಟಣಗಳು: ಚಿಪ್ಸು, ಬಿಸ್ಕತ್ತು, ಕೈಬೆರಳಿಗೆಲ್ಲ ಕೇಸರಿ ಪುಡಿ ಮೆತ್ತುವ ಅದೇನೋ ಕುರುಕಲು. ಹೊಟ್ಟೆ ಮುಂದೆ ಮುಂದೆ ಹೋಯಿತು, ಅವನು ಹಿಂದೆ ಹಿಂದೆ ಬಂದ.

ಆ ವರ್ಷದ ದೇಹದಾರ್ಢ್ಯ ಪರೀಕ್ಷೆಯಲ್ಲಿ ಗುಟ್ಟು ರಟ್ಟಾಯಿತು. ಠಾಣೆಯ ಹಿಂದೆ ಅಭ್ಯಾಸಕ್ಕೆಂದು ಕಟ್ಟಿದ ನಾಲ್ಕು ಮಹಡಿಯ ಗೋಪುರವಿದೆ. ಹೆಗಲ ಮೇಲೆ ನೀರಿನ ಪೈಪಿನ ಸುರುಳಿ ಹೊತ್ತು ಎರಡು ನಿಮಿಷದಲ್ಲಿ ಅದರ ತುದಿ ಮುಟ್ಟಬೇಕು. ಗುಳುಮಣ್ಣ ಎರಡು ನಿಮಿಷಕ್ಕೆ ಎರಡನೇ ಮಹಡಿ ಮುಟ್ಟಿ, ಅಲ್ಲೇ ಕುಕ್ಕರಿಸಿ, "ಯಾರಾದ್ರೂ ಒಂಚೂರು ನೀರು ಕೊಡ್ರೋ," ಎಂದ. ಊರಿಗೆಲ್ಲ ನೀರು ಹೊಡೆಯುವವನ ಗತಿ ನೋಡಿ!

ಠಾಣೆಯ ಸಾಹೇಬರಿಗೆ ನಗು ಬರಲಿಲ್ಲ. "ಎರಡು ತಿಂಗಳು ಟೈಮ್ ಕೊಡ್ತೀನಿ. ಆಗ್ಲೂ ಹತ್ತೋಕೆ ಆಗ್ಲಿಲ್ಲ ಅಂದ್ರೆ ಗಾಡಿಯಿಂದ ಇಳೀರಿ. ಕಂಟ್ರೋಲ್ ರೂಮಲ್ಲಿ ಕೂತು ಫೋನ್ ಎತ್ಕೊಂಡಿರಿ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡೋದು ಬೇರೆಯವ್ರ ಕೆಲಸ, ನಮ್ಮದಲ್ಲ."

ಗಾಡಿಯಲ್ಲಿ ಡ್ರೈವರ್ ಪಕ್ಕದ ಸೀಟು ಗುಳುಮಣ್ಣನದು. ಆ ಸೀಟಿನಲ್ಲಿ ಕೂತಾಗ ಮಾತ್ರ ತಾನು ಯಾರೆಂಬುದು ಅವನಿಗೆ ಸ್ಪಷ್ಟವಾಗಿ ಗೊತ್ತಿರುತ್ತಿತ್ತು.

ಮನೆಗೆ ಬಂದು ಹೇಳಿದರೆ ಹೆಂಡತಿ ಒಂದಿಷ್ಟೂ ಗಾಬರಿಯಾಗಲಿಲ್ಲ. "ಕಂಟ್ರೋಲ್ ರೂಮಿಗೇನಾಗಿದೆ ರೀ? ಫ್ಯಾನಿದೆ, ಕುರ್ಚಿ ಇದೆ. ಹೊತ್ತಿಗೆ ಸರಿಯಾಗಿ ಮನೆಗೆ ಬರ್ತೀರಿ."

"ಅದಕ್ಕಿಂತ ಸಾಯೋದು ವಾಸಿ."

"ಬಿಡ್ತು ಅನ್ನಿ!" ಎಂದು ಅವಳು ಸೌಟು ಕುಕ್ಕಿದಳು.

ಸಾಹೇಬರು ತೋರಿಸಿಕೊಳ್ಳಲು ಹೇಳಿದ ಡಾಕ್ಟರಮ್ಮ ಅವನ ತಂಗಿಯ ಮಗಳ ವಯಸ್ಸಿನವಳು. ರಕ್ತ ಪರೀಕ್ಷೆಯ ಕಾಗದ ನೋಡಿ, "ಸಕ್ಕರೆ ಇನ್ನೂ ಗಡಿ ದಾಟಿಲ್ಲ, ಹೊಸ್ತಿಲ ಮೇಲೆ ನಿಂತಿದೆ. ಮಾತ್ರೆ ಆಮೇಲೆ ನೋಡೋಣ, ಮೊದಲು ಊಟ ಮಾಡೋದು ಕಲೀರಿ," ಎಂದಳು. ತುತ್ತಿಗೆ ಮೂವತ್ತೆರಡು ಸಲ ಅಗಿಯಬೇಕು. ಪೊಟ್ಟಣದ್ದು ಮುಟ್ಟಬಾರದು. ಹತ್ತಿರದಲ್ಲೇ ಬೆಳೆದದ್ದನ್ನು, ಅವತ್ತೇ ಕಿತ್ತದ್ದನ್ನು ತಿನ್ನಬೇಕು. ದಿನಾ ಏನು ತಿಂದೆ, ಎಷ್ಟು ಹೊತ್ತು ತಿಂದೆ, ಹೇಗಿತ್ತು ಎಂದು ಪುಸ್ತಕದಲ್ಲಿ ಬರೆಯಬೇಕು.

"ಹೇಗಿತ್ತು ಅಂತಾನೂ ಬರೀಬೇಕಾ ಡಾಕ್ಟ್ರೇ?"

"ಅದೇ ಮುಖ್ಯ. ನಾಲಿಗೆಗೆ ಗೊತ್ತಾಗದ ಊಟ ಹೊಟ್ಟೆಗೂ ಗೊತ್ತಾಗಲ್ಲ. ಸಾಕು ಅನ್ನೋದು ಯಾರು ಮತ್ತೆ?"

ಹತ್ತಿರದಲ್ಲಿ ಬೆಳೆದದ್ದು ಎಲ್ಲಿ ಸಿಗುತ್ತದೆ ಎಂದು ಅವನು ಊರೆಲ್ಲ ವಿಚಾರಿಸಿದ. ಕೊನೆಗೆ ನೋಡಿದರೆ ಠಾಣೆಯ ಕಾಂಪೌಂಡಿನಾಚೆಗೇ ಇತ್ತು. ಬೆಳಿಗ್ಗೆ ಪಂಪು ಸರಿಯಿದೆಯೇ ಎಂದು ಪರೀಕ್ಷಿಸಲು ದಿನವೂ ನೀರು ಬಿಡುತ್ತಾರಲ್ಲ, ಆ ನೀರು ಗೋಡೆಯ ಕಿಂಡಿಯಿಂದ ಹರಿದು ಹೋಗುವ ತುಂಡು ನೆಲದಲ್ಲಿ ಒಬ್ಬ ಅಜ್ಜಿ ಸೊಪ್ಪು, ಮೂಲಂಗಿ, ಬೀನ್ಸು, ಬದನೆ ಬೆಳೆಯುತ್ತಿದ್ದಳು.

"ಬಂದ್ಯಾ ಮಗಾ?" ಎಂದಳು ಅಜ್ಜಿ. "ಇಷ್ಟು ವರ್ಷ ನೀರು ನಿಂದು, ಬೆಳೆ ನಂದು. ತಿನ್ನೋರು ಮಾತ್ರ ಊರೋರು. ನೀನು ನೋಡಿದ್ರೆ ಆ ಅಂಗಡೀಲಿ ಗಾಳಿ ತುಂಬಿದ ಚೀಲ ಹರೀತಾ ನಿಂತಿರ್ತಿದ್ದೆ." ಮಣ್ಣು ಅಂಟಿದ ಒಂದು ಮೂಲಂಗಿ ಕಿತ್ತು, ಸೆರಗಿನಲ್ಲಿ ಒರೆಸಿ ಕೊಟ್ಟಳು. ಅವನು ಅಲ್ಲೇ ನಿಂತು ಅಗಿದ. ಹನ್ನೆರಡನೆಯ ಸಲಕ್ಕೆ ಖಾರ ಮೂಗಿಗೇರಿತು, ಇಪ್ಪತ್ತನೆಯ ಸಲಕ್ಕೆ ಸಿಹಿಯಾಯಿತು. ಮೂಲಂಗಿಗೆ ಇಷ್ಟೆಲ್ಲ ಗೊತ್ತೇ ಎಂದು ಅವನಿಗೆ ಆಶ್ಚರ್ಯವಾಯಿತು.

ಠಾಣೆಯಲ್ಲಿ ಅವನು ಅಗಿಯುವುದನ್ನು ನೋಡಲು ಜನ ಸೇರುತ್ತಿದ್ದರು. ಗಾಡಿಯ ಡ್ರೈವರ್ ಅವನ ಭಾವಮೈದುನ, ಹೆಂಡತಿಯ ತಮ್ಮ. ಅವನು ಎದುರಿಗೆ ಕೂತು ಜೋರಾಗಿ ಎಣಿಸುವ ಕೆಲಸ ಮೈಮೇಲೆ ಹಾಕಿಕೊಂಡ. ಒಂದು ಮಧ್ಯಾಹ್ನ ಎಣಿಕೆ ಹತ್ತೊಂಬತ್ತಕ್ಕೆ ಬಂದಾಗ ಗಂಟೆ ಹೊಡೆಯಿತು. ನುಂಗಿದರೆ ಡಾಕ್ಟರಮ್ಮನ ಮಾತು ಮೀರಿದಂತೆ, ಉಗುಳಿದರೆ ಅನ್ನಕ್ಕೆ ದ್ರೋಹ. ಬಾಯಿ ತುಂಬಿಕೊಂಡೇ ಗಾಡಿ ಹತ್ತಿದ. ಹಾಸಿಗೆ ಸುಟ್ಟು ಹೊಗೆ ತುಂಬಿದ್ದ ಮನೆಯ ಯಜಮಾನ ಓಡಿ ಬಂದು, "ಏನ್ ಮಾಡ್ಲಿ ಸಾರ್?" ಎಂದು ಬಡಿದುಕೊಂಡರೆ ಗುಳುಮಣ್ಣ ಒಂದು ಬೆರಳೆತ್ತಿ, ತಾಳು ಎಂದು ಸನ್ನೆ ಮಾಡಿದ.

"ಇನ್ನ ನಾಲ್ಕು ಸಲ ಇದೆ ಯಜಮಾನ್ರೇ," ಎಂದು ಭಾವಮೈದುನ ವಿವರಿಸಿದ. ಅಷ್ಟರಲ್ಲಿ ಉಳಿದವರು ಬೆಂಕಿ ಆರಿಸಿಯಾಗಿತ್ತು, ಪುಣ್ಯ.

ನಿಜವಾದ ಅನಾಹುತ ಆದದ್ದು ಮನೆಯಲ್ಲಿ. ರಜೆಯ ದಿನ ಹೆಂಡತಿ ಬದನೆಕಾಯಿ ಬಡಿಸಿದಳು. ಅವನು ನೆಟ್ಟಗೆ ಕೂತು, ಕಣ್ಣು ಮುಚ್ಚಿ, ಅಗಿಯತೊಡಗಿದ. ಐದಕ್ಕೆ ಅನುಮಾನ ಬಂತು. ಹತ್ತಕ್ಕೆ ಖಚಿತವಾಯಿತು. ಹದಿನೈದಕ್ಕೆ ಕಣ್ಣಲ್ಲಿ ನೀರು. ಅಯ್ಯೋ ದೇವರೇ, ಇದೇನಿದು? ಒಂದು ಕಡೆ ಕರಕಲು, ಇನ್ನೊಂದು ಕಡೆ ಹಸಿ, ಉಪ್ಪಿನ ಸುಳಿವೇ ಇಲ್ಲ. ಬಿಸಿತುಪ್ಪ ಬಾಯಿಗೆ ಹಾಕಿಕೊಂಡವನ ಪಾಡಾಯಿತು. ಇಪ್ಪತ್ತೆರಡು ವರ್ಷ ದಿನಕ್ಕೆರಡು ಸಲ ಹೊಗಳಿದ ಅಡುಗೆ ಇದು! ಈಗ ಯಾವ ಬಾಯಿಂದ ಹೇಳುವುದು?

"ಹೇಗಿದೆ?" ಎಂದಳು ಹೆಂಡತಿ.

"ಚೆ... ಚೆನ್ನಾಗಿದೆ."

ಬಾಯಿ ಸುಳ್ಳಾಡಿತು, ಆದರೆ ಕೈ ಸುಳ್ಳಾಡುವಂತಿರಲಿಲ್ಲ. ಡಾಕ್ಟರಮ್ಮನಿಗೆ ಪುಸ್ತಕ ತೋರಿಸಬೇಕಲ್ಲ. ಅವನಿಗಾದರೋ ಜೀವಮಾನದಲ್ಲಿ ಬರೆದು ಗೊತ್ತಿದ್ದದ್ದು ಒಂದೇ, ಬೆಂಕಿ ಆರಿಸಿ ಬಂದ ಮೇಲೆ ಸಾಹೇಬರಿಗೆ ಕೊಡುವ ವರದಿ. ಅದೇ ಧಾಟಿಯಲ್ಲಿ ಬರೆದ:

"ಸಮಯ: ಮಧ್ಯಾಹ್ನ 1.10. ಸ್ಥಳ: ಸ್ವಗೃಹ. ವಸ್ತು: ಬದನೆಕಾಯಿ. ನಾವು ತಲುಪುವಷ್ಟರಲ್ಲಿ ಒಂದು ಪಾರ್ಶ್ವ ಪೂರ್ತಿ ಭಸ್ಮವಾಗಿತ್ತು. ರಕ್ಷಿಸಲಾದದ್ದು: ಎರಡು ತುಂಡು. ಕಾರಣ: ತಿಳಿದುಬಂದಿಲ್ಲ. ಜೀವಹಾನಿ: ಇಲ್ಲ."

ಮಾರನೆಯ ದಿನ: "ವಸ್ತು: ಬೀನ್ಸು. ನೀರಿನಲ್ಲಿ ಮುಳುಗಿ ಮೃತಪಟ್ಟಂತೆ ಕಾಣುತ್ತದೆ. ಉಪ್ಪು ನಾಪತ್ತೆ. ಹುಡುಕಾಟ ಮುಂದುವರಿದಿದೆ. ಕಾರಣ: ತಿಳಿದುಬಂದಿಲ್ಲ."

ಹೀಗೆ ಎರಡು ವಾರ ನಡೆಯಿತು. ಮನೆಯ ಡಬ್ಬಿಯನ್ನು ಮುಟ್ಟಿದಂತೆ ಮಾಡಿ, ಅಜ್ಜಿಯ ಮೂಲಂಗಿ ಟೊಮೇಟೊಗಳಲ್ಲೇ ಕಾಲ ಹಾಕುತ್ತಿದ್ದ. ತೂಕವೇನೋ ಇಳಿಯಿತು, ಜೊತೆಗೆ ಶಕ್ತಿಯೂ ಇಳಿಯಿತು. ಗೋಪುರ ಹತ್ತಲು ಹೋದರೆ ಮೂರನೇ ಮಹಡಿಯಲ್ಲಿ ಕಣ್ಣು ಕತ್ತಲೆ. ಬರೀ ಮೂಲಂಗಿ ತಿಂದು ಪೈಪು ಹೊರಲಾದೀತೇ?

ಪುಸ್ತಕವನ್ನು ಅವನು ಒಂದು ದಿನ ಗಾಡಿಯಲ್ಲೇ ಮರೆತ. ಭಾವಮೈದುನ ಬೆಂಕಿ ಆರಿಸುವ ಕೆಲಸಕ್ಕೆ ಸೇರಿದವನಾದರೂ ಹಚ್ಚುವುದರಲ್ಲೇ ಚುರುಕು. ನೇರವಾಗಿ ಅಕ್ಕನ ಮನೆಗೆ ಹೋಗಿ, "ಅಕ್ಕಾ, ನಿನ್ನ ಅಡುಗೆ ಬಗ್ಗೆ ಸರ್ಕಾರಿ ವರದಿ ಬಂದಿದೆ," ಎಂದು ಕೈಗಿಟ್ಟು ಜಾಗ ಖಾಲಿ ಮಾಡಿದ.

ಗುಳುಮಣ್ಣ ಸಂಜೆ ಬಂದಾಗ ಹೆಂಡತಿ ಅಡುಗೆಮನೆಯ ಸ್ಟೂಲಿನ ಮೇಲೆ ಕೂತಿದ್ದಳು. ಕೈಯಲ್ಲಿ ಪುಸ್ತಕ, ಕಣ್ಣಲ್ಲಿ ನೀರು. ಕಥೆ ಮುಗಿಯಿತು ಎಂದುಕೊಂಡ. ಬೂಟಿನ ಲಾಡಿ ಬಿಚ್ಚುವ ಧೈರ್ಯವೂ ಬರಲಿಲ್ಲ. ಓಡಬೇಕಾಗಿ ಬಂದರೆ?

"ಮುಳುಗಿ ಮೃತಪಟ್ಟಂತೆ ಕಾಣುತ್ತದೆ," ಎಂದು ಅವಳು ಓದಿದಳು. ಓದಿ ಕಿಸಕ್ಕೆಂದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಣ್ಣೀರು ನಗುವಿನದು ಎಂದು ಅವನಿಗೆ ಆಗ ತಿಳಿಯಿತು.

"ಕಾರಣ ತಿಳಿದುಬಂದಿಲ್ಲ ಅಂತ ದಿನಾ ಬರ್ದಿದ್ದೀರಲ್ಲ, ನಾನು ಹೇಳ್ತೀನಿ, ಬರ್ಕೊಳ್ಳಿ. ಮದುವೆಯಾದ ಹೊಸದ್ರಲ್ಲಿ ಬೆಳಗಾಗೆದ್ದು ಪ್ರೀತಿಯಿಂದ ಮಾಡ್ತಿದ್ದೆ. ನೀವು ನುಂಗಿ, ಚೆನ್ನಾಗಿತ್ತು ಅಂದ್ರಿ. ಹಿಗ್ಗಿಬಿಟ್ಟೆ. ನಾಲ್ಕು ವರ್ಷ ಕಳೀತು. ಒಂದಿನ ಮರೆತು ಉಪ್ಪೇ ಹಾಕಿರಲಿಲ್ಲ. ನಾಲಿಗೆ ಕಚ್ಕೊಂಡು ಓಡಿ ಬಂದ್ರೆ ನೀವು ಆಗ್ಲೇ ಕೈ ತೊಳೀತಿದ್ರಿ. ಚೆನ್ನಾಗಿತ್ತು ಅಂದ್ರಿ."

"ಗೊತ್ತಾಗ್ಲಿಲ್ಲ ಕಣೇ..."

"ಮಾರನೇ ದಿನ ಬೇಕಂತಲೇ ಬಿಟ್ಟೆ. ಚೆನ್ನಾಗಿತ್ತು. ಆಮೇಲೆ ಖಾರ ಬಿಟ್ಟೆ. ಚೆನ್ನಾಗಿತ್ತು. ಒಂದ್ಸಲ ಸಿಟ್ಟು ಬಂದು ಪೂರ್ತಿ ಸೀಯಿಸಿ ಕೊಟ್ಟೆ. ಅವತ್ತು, ಇನ್ನೂ ಸ್ವಲ್ಪ ಇದ್ಯಾ ಅಂತ ಕೇಳಿದ್ರಿ! ಆಮೇಲೆ ಯಾರಿಗೋಸ್ಕರ ಮೈ ಮುರ್ಕೊಳ್ಳೋದು ಅನ್ನಿಸ್ತು."

ಗುಳುಮಣ್ಣನಿಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ಆದರೂ ಒಂದು ಪ್ರಶ್ನೆ ಉಳಿದಿತ್ತು. "ಹಂಗಾದ್ರೆ ಇಷ್ಟು ವರ್ಷ ನೀನು ಏನು ತಿಂತಿದ್ದೆ?"

"ನಂಗೆ ಬೇರೆ ಎತ್ತಿಟ್ಕೊಂಡು ಸರಿಯಾಗಿ ಮಾಡ್ಕೋತೀನಿ. ನನ್ನ ನಾಲಿಗೆಗೇನು ರೋಗ?"

ಒಲೆಯ ಹಿಂದಿನಿಂದ ಮುಚ್ಚಳವಿದ್ದ ಪುಟ್ಟ ಪಾತ್ರೆಯೊಂದನ್ನು ತೆಗೆದು ಅವನ ಮುಂದಿಟ್ಟಳು. ಅವತ್ತು ಡಬ್ಬಿಗೆ ಹಾಕಿದ್ದ ಅದೇ ಬೀನ್ಸು. ಒಂದು ತುತ್ತು ಬಾಯಿಗಿಟ್ಟ. ಅಗಿಯುತ್ತಾ ಹೋದಂತೆ ಅವನ ಮುಖ ಸಣ್ಣದಾಯಿತು. ಹದಿನೆಂಟು ವರ್ಷದಿಂದ ಈ ಪಾತ್ರೆ ಕೈಯಳತೆಯಲ್ಲೇ ಇತ್ತಲ್ಲ! ಅವನಿಗೆ ಅಳು ಬಂತು, ನಾಚಿಕೆ ಇಲ್ಲದೆ ಅತ್ತುಬಿಟ್ಟ. ಅಳುತ್ತಲೇ ಪಾತ್ರೆ ಬಳಿದ.

ಮರುದಿನದಿಂದ ಅವನು ಅಜ್ಜಿಯಿಂದ ಆಗತಾನೆ ಕಿತ್ತದ್ದನ್ನು ತರುವುದು, ಅವಳು ಮಾಡುವುದು, ಅವನು ಹೇಗಿದೆಯೆಂದು ಇದ್ದದ್ದು ಇದ್ದಹಾಗೆ ಹೇಳುವುದು. ಸೊಪ್ಪು ಸ್ವಲ್ಪ ಜಾಸ್ತಿ ಬೆಂದಿದೆ ಎಂದರೆ ಅವಳು, "ಓಹೋ, ಬಂದ್ರು ದೊಡ್ಡ ಮನುಷ್ಯರು," ಎಂದು ಮೂದಲಿಸುತ್ತಾ ಒಳಗೊಳಗೇ ಅರಳುತ್ತಿದ್ದಳು. ನಿಧಾನವಾಗಿ ತಿಂದದ್ದರಿಂದ ಅರ್ಧದಲ್ಲೇ ಸಾಕೆನಿಸುತ್ತಿತ್ತು. ಅಂಗಡಿಯ ಪೊಟ್ಟಣಗಳ ನೆನಪೇ ಆಗಲಿಲ್ಲ. ಪ್ಯಾಂಟಿನ ಬೆಲ್ಟು ಎರಡು ತೂತು ಒಳಗೆ ಬಂತು. ಆದರೆ ಬೆಲ್ಟು ಒಳಗೆ ಹೋದಂತೆಲ್ಲ ಹೆಂಡತಿಯ ಮಾತು ಕಡಿಮೆಯಾಗುತ್ತಿತ್ತು. ಮೊದಲಾಗಿದ್ದರೆ ಗುಳುಮಣ್ಣನ ಗಮನಕ್ಕೇ ಬರುತ್ತಿರಲಿಲ್ಲ.

ಪರೀಕ್ಷೆಯ ದಿನ ಭಾವಮೈದುನ ಕೈಗಡಿಯಾರ ಹಿಡಿದು ನಿಂತ. ಅಜ್ಜಿ ಗೋಡೆಯಾಚೆಯಿಂದ ಇಣುಕಿದಳು. ಗುಳುಮಣ್ಣ ಪೈಪು ಹೆಗಲಿಗೇರಿಸಿ ಹತ್ತಿದ. ಕಣ್ಣು ಕತ್ತಲೆಯಾಗಿದ್ದ ಮೂರನೇ ಮಹಡಿಯಲ್ಲೂ ನಿಲ್ಲಲಿಲ್ಲ. ತುದಿಯ ಕಂಬಿ ಹಿಡಿದಾಗ, "ಒಂದು ನಿಮಿಷ ಐವತ್ತೆರಡು, ಭಾವಾ!" ಎಂದು ಕೆಳಗಿನಿಂದ ಕೂಗು ಕೇಳಿತು. ಸಾಹೇಬರು ಸಹಿ ಹಾಕಿದರು. ಸೀಟು ಉಳಿಯಿತು.

ಮಧ್ಯಾಹ್ನ ಕುಣಿಯುತ್ತಾ ಮನೆಗೆ ಬಂದ. ಹೆಂಡತಿ ಬಡಿಸಲು ಅಣಿ ಮಾಡುತ್ತಿದ್ದಳು.

"ಪಾಸಾ?"

"ಪಾಸು! ಎಂಟು ಸೆಕೆಂಡ್ ಉಳೀತು."

"ಒಳ್ಳೇದಾಯ್ತು," ಎಂದು ಅವಳು ಒಲೆಯ ಕಡೆ ತಿರುಗಿಕೊಂಡಳು. ತಿರುಗಿದವಳು ಎಷ್ಟು ಹೊತ್ತಾದರೂ ಈಚೆ ಮುಖ ಮಾಡಲಿಲ್ಲ.

"ಯಾಕೇ, ಖುಷಿ ಆಗ್ಲಿಲ್ವಾ?"

"ಸೈರನ್ ಕೇಳ್ದಾಗೆಲ್ಲ ನನ್ನ ಎದೆ ಬಾಯಿಗೆ ಬರುತ್ತೆ, ಗೊತ್ತಾ ನಿಮಗೆ? ನೀವು ಮೊದಲನೇ ಸಲ ಫೇಲಾದಾಗ, ಅಬ್ಬಾ, ದೇವರು ಕಣ್ಣು ಬಿಟ್ಟ ಅಂದ್ಕೊಂಡೆ. ನಾನು ಆ ಉಪ್ಪಿಲ್ಲದ್ದನ್ನೇ ಹಾಕ್ತಾ ಇದ್ದಿದ್ರೆ ಇಷ್ಟೊತ್ತಿಗೆ ನೀವು ಫ್ಯಾನ್ ಕೆಳಗೆ ಕೂತಿರ್ತಿದ್ರಿ. ನಾನೇ ನನ್ನ ಕೈಯಾರೆ ಅಡುಗೆ ಮಾಡಿ ಹಾಕಿ, ಮತ್ತೆ ಬೆಂಕಿಗೆ ಕಳಿಸ್ತಾ ಇದ್ದೀನಿ."

ಗುಳುಮಣ್ಣನ ಕುಣಿತ ನಿಂತಿತು. "ಗೊತ್ತಿದ್ದೂ ಯಾಕೆ ಮಾಡ್ದೆ ಮತ್ತೆ?"

"ಬಾಯಿಬಿಟ್ಟು ರುಚಿ ಹೇಳೋ ಗಂಡ ಸಿಕ್ಕಿದ್ದು ಈಗ. ಅಂಥೋನಿಗೆ ಕೆಟ್ಟದಾಗಿ ಮಾಡಿ ಹಾಕೋಕೆ ಕೈ ಬರ್ಲಿಲ್ಲ."

ಅವನು ಇನ್ನೊಂದು ತಟ್ಟೆ ತಂದು ತನ್ನ ತಟ್ಟೆಯ ಎದುರಿಗಿಟ್ಟ. ಅವಳು ಕಣ್ಣೊರೆಸಿಕೊಂಡು, ಇಬ್ಬರಿಗೂ ಬಡಿಸಿ ಕೂತಳು.

"ನಿಧಾನಕ್ಕೆ ತಿನ್ನಿ," ಎಂದಳು. "ತಿನ್ನೋ ಅಷ್ಟು ಹೊತ್ತಾದ್ರೂ ಕಣ್ಣೆದುರಿಗಿರ್ತೀರಿ."

ಅವನು ತಿಂದ. ತಿಂದ ಎಂದರೆ ಎಂಥದ್ದು! ಕಿಟಕಿಯ ಬಿಸಿಲು ಮೇಜಿನಿಂದ ನೆಲಕ್ಕೆ, ನೆಲದಿಂದ ಬಾಗಿಲಿಗೆ ಸರಿದರೂ ಅವನ ತಟ್ಟೆಯಲ್ಲಿ ಇನ್ನೂ ಎರಡು ತುತ್ತು ಉಳಿದಿತ್ತು. ಕೊನೆಗೆ ಅವಳೇ ಬೇಸತ್ತು, "ಸಾಕೇಳ್ರೀ, ಪಾತ್ರೆ ತೊಳೀಬೇಕು," ಎಂದಳು.