ಕಿಟಕಿಯಿಲ್ಲದ ಕೋಣೆ

ಈ ಪರದೇಶದಲ್ಲಿ ನಾವಿರುವ ವಿಂಡಮ್ ವೇಲ್ ಬಡಾವಣೆಯ ಕಡೆಗೆ ಸುಂಟರಗಾಳಿ ಬರುತ್ತಿದೆ, ಕೂಡಲೇ ಒಳಕೋಣೆಗೆ ಹೋಗಿ ಎಂದು ಫೋನಿಗೆ ಎಚ್ಚರಿಕೆ ಬಂದಾಗ ಮನೆಯಲ್ಲಿದ್ದದ್ದು ನಾವು ಮೂವರೇ: ನಾನು, ನಮ್ಮ ಯಜಮಾನರು ಚಕ್ರಪಾಣಿ, ಮೊಮ್ಮಗಳು ಆದ್ಯಾ. ಅದರ ಹಿಂದೆಯೇ ಮಗಳು ಪ್ರಣತಿ ಆಫೀಸಿನಿಂದ ಕರೆ ಮಾಡಿದಳು.

"ಅಮ್ಮಾ, ಟಾಯ್ಲೆಟ್‌ಗೆ ಹೋಗಿ. ಅದೊಂದಕ್ಕೇ ಕಿಟಕಿ ಇಲ್ಲ. ಹಾಸಿಗೆ ತಲೆ ಮೇಲೆ ಹಾಕ್ಕೊಳ್ಳಿ. ಶೂ ಮರೀಬೇಡಿ, ಗಾಜು ಒಡೆದ್ರೆ..."

ಅಷ್ಟರಲ್ಲಿ ಲೈನ್ ಕಡಿದುಹೋಯಿತು.

ಪಕ್ಕದ ಮನೆಯ ವೀರೇಂದ್ರ ಬೆಳಿಗ್ಗೆಯೇ ಬಂದು, ನಾವು ಕೇಳದಿದ್ದರೂ ಹಿತ್ತಲಿನ ಕುರ್ಚಿಗಳನ್ನೂ ಕಸದ ಡಬ್ಬಿಗಳನ್ನೂ ಗ್ಯಾರೇಜಿಗೆ ಸೇರಿಸಿ ಹೋಗಿದ್ದ. ನಾನು ಮಗುವಿನ ಹಾಸಿಗೆಯನ್ನು ಎಳೆದು ತಂದು ಟಾಯ್ಲೆಟ್ಟಿನೊಳಗಿಟ್ಟೆ. ಆದ್ಯಾ ತನ್ನ ಸೈಕಲ್ ಹೆಲ್ಮೆಟ್ಟನ್ನು ನನ್ನ ತಲೆಗಿಡಲು ನೋಡಿದಳು.

"ಯು ವೇರ್ ಇಟ್, ಅಜ್ಜಿ. ಮೈ ಹೆಡ್ ಈಸ್ ಸ್ಟ್ರಾಂಗ್."

ಅದನ್ನು ಅವಳಿಗೇ ಹಾಕಿ ಪಟ್ಟಿ ಬಿಗಿದೆ.

ಇವರು ಮಾತ್ರ ಏಳಲಿಲ್ಲ. ಹಾಲಿನ ದೊಡ್ಡ ಗಾಜಿನ ಬಾಗಿಲ ಪಕ್ಕದಲ್ಲೇ ನಮ್ಮ ದೇವರ ಗೂಡು. ಅದರ ಮುಂದೆ ಮಣೆಯ ಮೇಲೆ, ಮಡಿಪಂಚೆಯುಟ್ಟು, ಸಾಲಿಗ್ರಾಮದ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು.

"ರೀ, ಏಳಿ!"

"ನೀನು ಮಗೂನ ಕರ್ಕೊಂಡು ಹೋಗು. ನಾನು ದೇವರನ್ನ ಬಿಟ್ಟು ಬರಲ್ಲ."

"ತಗೊಂಡೇ ಬನ್ನಿ!"

"ಪಾಯಿಖಾನೆಗಾ? ನಮ್ಮಪ್ಪ, ಅವರಪ್ಪ ಮಡೀಲಿ ಕಾಪಾಡಿದ್ದು ಕಣೇ ಇದು."

"ಹಂದಿಯಾಗಿ ಕೆಸರಿಗೆ ಇಳಿದ ದೇವರಿಗೆ ಟಾಯ್ಲೆಟ್ಟು ಮೈಲಿಗೆಯಾ?"

"ಈಗ ತರ್ಕ ಬೇಡ ಉಷಾ. ಹೋಗು."

ಹೊರಗೆ ಆಕಾಶ ಹಸಿರುಗಪ್ಪಾಗಿತ್ತು. ಎದುರು ಮನೆಯ ಬೇಲಿ ಹಲಗೆಹಲಗೆಯಾಗಿ ಎದ್ದು ಹಾರಿತು. ಆದ್ಯಾ ನನ್ನ ಕೈ ಬಿಡಿಸಿಕೊಂಡು ಓಡಿಹೋಗಿ ಅಜ್ಜನ ಶಲ್ಯವನ್ನು ಎರಡೂ ಮುಷ್ಟಿಯಲ್ಲಿ ಹಿಡಿದಳು.

"ಐ ಆಮ್ ಸ್ಟೇಯಿಂಗ್ ವಿತ್ ತಾತ!"

ಎಳೆದೆ. ಅವಳ ಒಂದು ಶೂ ಕಳಚಿಬಂತೇ ಹೊರತು ಅವಳು ಬರಲಿಲ್ಲ. ಅವರೂ ಬಿಡಿಸಲು ನೋಡಿದರು, ಆಗಲಿಲ್ಲ. ಗಾಜು ಚೌಕಟ್ಟಿನೊಳಗೇ ಗಡಗಡ ನಡುಗುತ್ತಿತ್ತು. ಇನ್ನು ಬೇಡಿಕೊಳ್ಳುವುದಕ್ಕೂ ಸಮಯವಿರಲಿಲ್ಲ.

ಹೆಂಗಸರು ಸಾಲಿಗ್ರಾಮ ಮುಟ್ಟುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ಮದುವೆಯಾದಾಗಿನಿಂದ ಅದಕ್ಕೆ ಹೂ ಕಟ್ಟಿದ್ದೇನೆ, ಗಂಧ ತೇದಿದ್ದೇನೆ, ನೈವೇದ್ಯ ಬೇಯಿಸಿದ್ದೇನೆ. ಪೆಟ್ಟಿಗೆಗೆ ಬೆರಳು ತಾಗಿಸಿದವಳಲ್ಲ. ಈಗ ಬಗ್ಗಿ, ಅವರ ಮಡಿಲಿನಿಂದ ಅದನ್ನು ಕಿತ್ತುಕೊಂಡು ಓಡಿದೆ.

"ಉಷಾ! ಮುಟ್ಟಬೇಡ್ವೇ!"

ಕೂಗುತ್ತ ಬೆನ್ನಿಗೇ ಬಂದರು. ಶಲ್ಯ ಬಿಡದೆ ಆದ್ಯಾಳೂ ಬಂದಳು. ನಾನು ಬಾಗಿಲು ಹಾಕಿ ಚಿಲಕ ಜಡಿದೆ.

ಆಮೇಲೆ ಕೇಳಿಸಿದ್ದು ಹಿಟ್ಟಿನ ಗಿರಣಿಯೊಳಗೆ ತಲೆಯಿಟ್ಟಂಥ ಸದ್ದು. ಕಿವಿ ಮುಚ್ಚಿಕೊಂಡಂತಾಯಿತು. ಕಮೋಡಿಗೂ ಗೋಡೆಗೂ ನಡುವೆ ಮುದುರಿ ಕುಳಿತಿದ್ದೆ. ತೊಡೆಯ ಮೇಲೆ ಮಗು, ಮಗುವಿಗೂ ನನ್ನ ಹೊಟ್ಟೆಗೂ ನಡುವೆ ದೇವರು. ಇವರು ಹಾಸಿಗೆಯನ್ನು ಬೆನ್ನಿನ ಮೇಲೆ ಹೊತ್ತು ನಮ್ಮ ಮೇಲೆ ಬಾಗಿದ್ದರು. ಮೇಲೆ ಏನೋ ಮುರಿಯಿತು. ಆದ್ಯಾ ಕಿರುಚಿದಳು. ಅವರು ಹಾಸಿಗೆ ಕೆಳಗಿಳಿಸಲಿಲ್ಲ. ನನಗೆ ಒಂದು ಸ್ತೋತ್ರವೂ ನೆನಪಾಗಲಿಲ್ಲ. 'ಮಗು, ಮಗು' ಎಂದಷ್ಟೇ ಗೊಣಗುತ್ತಿದ್ದೆ.

ಕೊನೆಗೆ ಸದ್ದು ನಿಂತಿತು. ಬಾಗಿಲನ್ನು ಇಬ್ಬರೂ ಸೇರಿ ತಳ್ಳಬೇಕಾಯಿತು.

ಹಾಲಿನಲ್ಲಿ ಮಳೆ ಸುರಿಯುತ್ತಿತ್ತು. ಸೂರಿನ ಒಂದು ಭಾಗ ಅವರ ಮಣೆಯ ಮೇಲೆಯೇ ಕುಸಿದಿತ್ತು. ನೆಲದ ತುಂಬ ಗಾಜು. ಪ್ರಣತಿಯ ಫೋನು ಸಿಗುತ್ತಿರಲಿಲ್ಲ. ಅವರು ಆ ಮಣೆಯನ್ನೇ ನೋಡುತ್ತ ನಿಂತರು.

ನಾನು ಪೆಟ್ಟಿಗೆ ಚಾಚಿದೆ. "ತಗೊಳ್ಳಿ. ತಪ್ಪಾಯ್ತು."

ಅವರು ಕೈ ನೀಡಲಿಲ್ಲ. ಮಡಿಪಂಚೆಯಲ್ಲೇ ಟಾಯ್ಲೆಟ್ಟಿನ ರಬ್ಬರ್ ಚಪ್ಪಲಿ ಮೆಟ್ಟಿಕೊಂಡರು. ಬರಿಗಾಲನ್ನು ಮಡಚಿ ನಿಂತಿದ್ದ ಆದ್ಯಾಳನ್ನು ಎತ್ತಿಕೊಂಡರು.

"ನೀನೇ ಭದ್ರವಾಗಿ ಹಿಡ್ಕೋ," ಎಂದರು. "ನಂಗೆ ಎರಡು ಕೈಯೂ ಬೇಕು."