ನಲವತ್ತು ನಿಮಿಷದ ನಡಿಗೆ

ಊರಿಗೆಲ್ಲ ಲಾಕ್‌ಡೌನ್ ಬಿದ್ದ ದಿನ ಗುಲ್ನಾರಳ ಪಾಲಿಗೆ ಇಪ್ಪತ್ತೇಳನೆಯ ದಿನವಾಗಿತ್ತು. ಫೆಬ್ರುವರಿ ಕೊನೆಗೆ ಗಂಡ ಸಿರಾಜುದ್ದೀನ ವೀಳ್ಯದೆಲೆ ತೋಟದಿಂದ ಬಂದವನು ಎದೆ ಹಿಡಿದುಕೊಂಡು ಕಟ್ಟೆಯ ಮೇಲೆ ಕುಳಿತ. ಮತ್ತೆ ಏಳಲಿಲ್ಲ. ಅಂದಿನಿಂದ ಅವಳು ಇದ್ದತ್ ಕುಳಿತಿದ್ದಳು. ಗಂಡನನ್ನು ಕಳೆದುಕೊಂಡವಳು ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೇ ಇರಬೇಕೆಂಬ ನೇಮ ಅದು. ನೇಮದ ಬಗ್ಗೆ ಅವಳ ತಕರಾರಿರಲಿಲ್ಲ. ಇಪ್ಪತ್ತೊಂದು ವರ್ಷ ಜೊತೆಗಿದ್ದ ಮನುಷ್ಯನಿಗಾಗಿ ನಾಲ್ಕು ತಿಂಗಳು ಕುಳಿತುಕೊಳ್ಳುವುದು ಹೆಚ್ಚೇನಲ್ಲ. ತಕರಾರು ಇದ್ದದ್ದು ಅವಳ ಕಾಲುಗಳಿಗೆ.

ಅವಳಿಗೆ ಸಕ್ಕರೆ ಕಾಯಿಲೆ. ಮೂರು ವರ್ಷದ ಹಿಂದೆ ಹಾನಗಲ್ಲಿನ ಡಾಕ್ಟರು ಚೀಟಿಯಲ್ಲಿ ಎರಡು ಬಗೆಯ ಗುಳಿಗೆ ಬರೆದು, ಕೆಳಗೆ ದಿನಾ ನಲವತ್ತು ನಿಮಿಷ ನಡೆಯಬೇಕು ಎಂದು ಕನ್ನಡದಲ್ಲೇ ಸೇರಿಸಿದ್ದರು. "ನಡದ್ರ ಗುಳಿಗಿ, ನಡೀದಿದ್ರ ಸೂಜಿ. ನೀವ ಆರಿಸ್ಕೋರಿ" ಎಂದಿದ್ದರು. ಅವಳು ನಡಿಗೆಯನ್ನು ಆರಿಸಿಕೊಂಡಿದ್ದಳು. ನಸುಕಿನಲ್ಲಿ ಗಂಡ ಹೆಂಡತಿ ಮೋತಿ ತಲಾಬ್ ಕೆರೆಯ ಏರಿ ಹಿಡಿದು ದೊಡ್ಡ ಹುಣಸೆ ಮರದ ತನಕ ಹೋಗಿ ಬರುತ್ತಿದ್ದರು. ಅವನು ಎಲೆಯ ಧಾರಣೆ ಮಾತಾಡುತ್ತಿದ್ದ, ಇವಳು ಗಡಿಯಾರ ನೋಡುತ್ತಿದ್ದಳು. ಸಕ್ಕರೆ ಹಿಡಿತಕ್ಕೆ ಬಂದಿತ್ತು.

ಕಾಯಿಲೆ ಇದ್ದವರು ಹಗಲು ಹೊತ್ತಿನಲ್ಲಿ ಅಗತ್ಯಕ್ಕೆ ಹೊರಗೆ ಹೋಗಿ ಬರಬಹುದು ಎಂದು ಮಸೀದಿಯ ಹಜರತ್ತರೇ ಹೇಳಿ ಕಳಿಸಿದ್ದರು. ಅತ್ತೆ ಹುಸೇನಬಿ ಒಪ್ಪಲಿಲ್ಲ.

"ಹಜರತ್ತರು ಹೇಳಿರಬಹುದವಾ. ಆದ್ರ ಓಣಿ ಮಂದಿ ಕಿತಾಬ್ ಓದಂಗಿಲ್ಲ, ಬಾಗಲಾ ನೋಡ್ತಾರ."

ಮಗನನ್ನು ಕಳೆದುಕೊಂಡ ಮುದುಕಿ. ಗುಲ್ನಾರ ಪಡಸಾಲೆಯಲ್ಲೇ ನಡೆಯತೊಡಗಿದಳು. ಅಡುಗೆಮನೆಯ ಬಾಗಿಲಿಂದ ಮುಂಬಾಗಿಲಿಗೆ ಹನ್ನೊಂದು ಹೆಜ್ಜೆ. ಹನ್ನೊಂದಕ್ಕೊಮ್ಮೆ ತಿರುಗಬೇಕು. ಹತ್ತು ಸಲ ತಿರುಗುವಷ್ಟರಲ್ಲಿ ಹುಸೇನಬಿ, "ನನಗ ತಲಿ ಗಿಮ್ಮಂತೈತಿ, ಕುಂದರವಾ" ಎನ್ನುತ್ತಿದ್ದಳು. ಸೊಸೆ ಕುಳಿತುಕೊಳ್ಳುತ್ತಿದ್ದಳು.

ಅಷ್ಟರಲ್ಲಿ ಲಾಕ್‌ಡೌನ್ ಬಂತು. ಎದುರುಮನೆಯ ಶಂಕ್ರವ್ವ ನಾಲ್ಕನೆಯ ದಿನಕ್ಕೇ ಕಿಟಕಿಗೆ ಬಂದಳು.

"ಗುಲ್ನಾರಕ್ಕ, ನನಗಂತೂ ಹುಚ್ಚ ಹಿಡಿಯೂದೊಂದ ಬಾಕಿ. ನೀ ಹೆಂಗ ಇರ್ತಿ ಒಳಗ?"

"ನೀ ಇದ್ದಂಗ."

"ನಿಂದೇನ ಬಿಡು, ನಿನಗ ರೂಢಿ ಆಗೇತಿ."

ರೂಢಿ. ಆ ಮಾತನ್ನು ಗುಲ್ನಾರ ಸಂಜೆಯ ತನಕ ಬಾಯಲ್ಲಿ ಕಲ್ಲಿನ ಹಾಗೆ ಹೊರಳಿಸುತ್ತಿದ್ದಳು. ಯಾವುದಕ್ಕೂ ರೂಢಿಯಾಗಿರಲಿಲ್ಲ. ಸುಮ್ಮನಿದ್ದಳು, ಅಷ್ಟೇ.

ಮನೆಯಲ್ಲಿ ಸುಮ್ಮನಿರಲಾರದವನೆಂದರೆ ಮೈದುನ ಮಜೀದ. ಬಸ್‌ಸ್ಟ್ಯಾಂಡಿನ ಬಳಿ ಅವನ ಮೊಬೈಲ್ ರಿಪೇರಿ ಅಂಗಡಿ, ಈಗ ಬೀಗ ಹಾಕಿತ್ತು. ಮೊದಲ ದಿನ ಹಾಗೇ ಹೊರಗೆ ಹೋಗಿ ಮೀನಖಂಡದ ಮೇಲೆ ಲಾಠಿಯ ಬರೆ ಹೊತ್ತುಕೊಂಡು ಬಂದ. ಎರಡನೆಯ ದಿನ ಅತ್ತಿಗೆಯ ಮುಂದೆ ಬಂದು ನಿಂತ.

"ಭಾಬಿ, ನಿಮ್ಮ ಡಾಕ್ಟರ್ ಚೀಟಿ ಎಲ್ಲೈತಿ? ಗುಳಿಗಿ ತರತೇನಿ."

ಕೊಟ್ಟಳು. ಅವನು ಎರಡು ತಿಂಗಳಿಗಾಗುವಷ್ಟು ಗುಳಿಗೆ ತಂದ. ಮರುದಿನ ಮತ್ತೆ ಅದೇ ಚೀಟಿ ಹಿಡಿದು ಹೊರಟ. ಅದರ ಮರುದಿನವೂ. ಚೀಟಿಗೆ ಪ್ಲಾಸ್ಟಿಕ್ ಕವರು ಬಂತು, ಅದು ಅವನ ಅಂಗಿಯ ಜೇಬಿನಲ್ಲೇ ಉಳಿಯಿತು. ಸರ್ಕಲ್ಲಿನಲ್ಲಿ ಪೊಲೀಸರಾಗಲಿ ಹೋಮ್‌ಗಾರ್ಡ್ ಉಡಚಪ್ಪನಾಗಲಿ ಕೇಳಿದರೆ ತೆಗೆದು ತೋರಿಸುತ್ತಿದ್ದ. ಎರಡು ತಾಸು ಅಡ್ಡಾಡಿ ಬಂದು ಕಟ್ಟೆಯ ಮೇಲೆ ಕಾಲು ಚಾಚಿ ವರದಿ ಒಪ್ಪಿಸುತ್ತಿದ್ದ.

"ತಲಾಬದ ಏರಿ ಮ್ಯಾಲ ಒಂದ ನರಪಿಳ್ಳಿ ಇಲ್ಲ ಭಾಬಿ. ಗಾಳಿ ಅಂದ್ರ ಗಾಳಿ."

"ನನ್ನ ಚೀಟಿ ಕೊಡು ಮಜೀದ."

"ಗುಳಿಗಿ ತರೂದ ಇರತೈತಲ್ರಿ."

"ಗುಳಿಗಿ ಇನ್ನೂ ತಿಂಗಳ ಮಟಾ ಅದಾವ."

"ಹಂಗಂದ್ರ ನಾ ಹೊರಗ ಹೆಂಗ ಹೋಗ್ಲಿ?"

ಅವನು ಕುಹಕದಿಂದ ಕೇಳಿರಲಿಲ್ಲ. ನಿಜಕ್ಕೂ ಅವನಿಗೆ ಅದೇ ದೊಡ್ಡ ಪ್ರಶ್ನೆಯಾಗಿತ್ತು. ಗುಲ್ನಾರಳಿಗೆ ಉತ್ತರ ಇತ್ತು, ಆದರೆ ಅದು ಉದ್ದವಾಗಿತ್ತು. ಹೇಳಹೊರಟರೆ ಅತ್ತೆ, ಓಣಿ, ಸತ್ತ ಗಂಡ ಎಲ್ಲರೂ ಅದರೊಳಗೆ ಬರುತ್ತಿದ್ದರು. ಒಳಗೆ ಹೋಗಿ ಬೇಳೆ ಆರಿಸಿದಳು.

ಮೇ ಮುಗಿಯುವ ಹೊತ್ತಿಗೆ ಮಜೀದನ ಹೊಟ್ಟೆ ಕರಗಿ ಪ್ಯಾಂಟು ಸಡಿಲಾಗಿತ್ತು. ಹುಸೇನಬಿ ಮಗನ ಮುಖದ ಕಳೆ ನೋಡಿ ಸಂತೋಷಪಟ್ಟಳು.

ಜೂನಿನಲ್ಲಿ ಊರು ಬಿಚ್ಚಿಕೊಂಡಿತು. ಶಂಕ್ರವ್ವ ಸಂತೆಗೂ ಹೋಗಿ ಬಂದಳು. ಗುಲ್ನಾರಳಿಗೆ ಇನ್ನೂ ದಿನಗಳು ಉಳಿದಿದ್ದವು. ಸಮೀಕ್ಷೆಗೆಂದು ಬಾಗಿಲಿಗೆ ಬಂದ ನರ್ಸ್ ಸಮತಾ ಬೆರಳಿಗೆ ಚುಚ್ಚಿ ನೋಡಿದಾಗ ಸಕ್ಕರೆ ಇನ್ನೂರ ತೊಂಬತ್ತಿತ್ತು.

"ಪಾದ ಜುಮುಗುಡ್ತಾವೇನ್ರಿ ಅಕ್ಕಾರ?"

"ಎಡಗಾಲಿನ ಹೆಬ್ಬೆರಳು ನನ್ನದ ಅಲ್ಲ ಅನ್ನಂಗ ಆಗೇತಿ."

ಡಾಕ್ಟರಿಗೆ ಫೋನು ಹೋಯಿತು. ಮುಂದಿನ ತಿಂಗಳ ಕೊನೆಯೊಳಗೆ ಇಳಿಯದಿದ್ದರೆ ಸೂಜಿಯೇ ಗತಿ ಎಂದರು ಅವರು. ಗುಲ್ನಾರ ಲೆಕ್ಕ ಹಾಕಿದಳು. ಇದ್ದತ್ ಮುಗಿಯುವುದು ಜುಲೈ ಮೊದಲ ಶನಿವಾರದ ಸಂಜೆಗೆ. ಭಾನುವಾರ ಹೇಗೂ ಊರೆಲ್ಲ ಬಂದ್. ಸೋಮವಾರದಿಂದ ನಡೆದರೂ ಮೂರು ವಾರ ಸಿಗುತ್ತದೆ. ಒಣಗಿ ಗಟ್ಟಿಯಾಗಿದ್ದ ಚಪ್ಪಲಿಯ ಪಟ್ಟಿಗೆ ಎಣ್ಣೆ ಸವರಿ ಬಾಗಿಲ ಹಿಂದೆ ಇಟ್ಟಳು.

ಆ ಶನಿವಾರಕ್ಕೆ ಎರಡು ದಿನ ಮೊದಲು, ಗುರುವಾರ, ಮಜೀದ ಗೆಳೆಯನ ಬೈಕಿನ ಮೇಲೆ ಶಿಗ್ಗಾಂವಿಗೆ ಹೋದವನು ಮೈ ಬಿಸಿ ಮಾಡಿಕೊಂಡು ಬಂದ. ಕೆಮ್ಮು ಅದಕ್ಕೂ ಮೊದಲೇ ಶುರುವಾಗಿತ್ತೆಂದು ಆಮೇಲೆ ಒಪ್ಪಿಕೊಂಡ. ಮೂಗಿಗೆ ಕಡ್ಡಿ ಹಾಕಿಸಿಕೊಂಡು ಬಂದು ಎರಡು ದಿನ ಮಲಗಿದ. ಶನಿವಾರ ಮಧ್ಯಾಹ್ನ ಪಾಸಿಟಿವ್ ಎಂದು ಫೋನು ಬಂತು, ನಾಲ್ಕಕ್ಕೆ ಆಂಬುಲೆನ್ಸ್ ಬಂತು, ಐದಕ್ಕೆ ಓಣಿಯ ಬಾಯಿಗೆ ಬಿದಿರು ಕಟ್ಟಿದರು. ಸೂರ್ಯ ಮುಳುಗಿ ಮಗರಿಬ್‌ನ ಬಾಂಗ್ ಕೇಳಿದಾಗ, ಅಂದರೆ ಅವಳ ಇದ್ದತ್ ಮುಗಿದ ಗಳಿಗೆಯಲ್ಲಿ, ಸಮತಾ ಮುಂಬಾಗಿಲಿಗೆ ಕಾಗದ ಅಂಟಿಸುತ್ತಿದ್ದಳು. ಹದಿನಾಲ್ಕು ದಿನ ಈ ಮನೆಯಿಂದ ಯಾರೂ ಹೊರಗೆ ಬರಕೂಡದು.

"ಅಲ್ಲಾಹ್‌ನ ಮರ್ಜಿ" ಎಂದಳು ಹುಸೇನಬಿ. "ಹದಿನಾಕ ದಿನ ಅಷ್ಟ, ಕುಂದರು."

"ಅಷ್ಟ ಅನಬ್ಯಾಡ್ರಿ ಅಮ್ಮಾ."

ನಾಲ್ಕು ತಿಂಗಳಲ್ಲಿ ಅವಳು ಅತ್ತೆಗೆ ತಿರುಗಿ ಆಡಿದ್ದು ಅದೊಂದೇ ಮಾತು. ಮುದುಕಿ ಸೊಸೆಯ ಮುಖ ನೋಡಿ ಜಪದ ತಸ್ಬಿ ಸರ ಕೈಗೆತ್ತಿಕೊಂಡಳು.

ಸಕ್ಕರೆ ಇದ್ದವರು ಬೇರೆ ಕೋಣೆಯಲ್ಲೇ ಇರಬೇಕಂತೆ. ಹನ್ನೊಂದು ಹೆಜ್ಜೆ ನಾಲ್ಕಾಯಿತು. ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಟ್ಟರು. ಮುಂಜಾನೆ ಏಳರಿಂದ ತಾಸಿಗೊಂದು ಸಲ ಮನೆಯಲ್ಲೇ ಇದ್ದೇನೆಂದು ತನ್ನ ಮುಖದ ಫೋಟೋ ಕಳಿಸಬೇಕು. ಕಳಿಸಿದಳು. ಎಲ್ಲ ಫೋಟೋಗಳಲ್ಲೂ ಹಿಂದೆ ಅದೇ ಹಸಿರು ಗೋಡೆ, ಅದೇ ಮೊಳೆ. ಹೊರಗೆ ಹೋಗದವಳು ಹೊರಗೆ ಹೋಗಿಲ್ಲವೆಂದು ದಿನಾ ಸಾಬೀತು ಮಾಡಬೇಕಾಗಿತ್ತು. ಐದನೆಯ ದಿನ ಶಿಗ್ಗಾಂವಿಯ ಕೇಂದ್ರದಿಂದ ಮಜೀದನ ಫೋನು.

"ಆರಾಮದೇನಿ ಭಾಬಿ. ಇಲ್ಲಿ ಮಾಳಗಿ ಮ್ಯಾಲ ಮುಂಜಾನೆ ಸಂಜಿ ವಾಕಿಂಗ್ ಮಾಡಸ್ತಾರ. ಆರೋಗ್ಯಕ್ಕ ಬಾಳ ಚಲೋ ಅಂತ."

ಅವಳು ಫೋನನ್ನು ಹಾಸಿಗೆಯ ಮೇಲೆ ಬೋರಲು ಹಾಕಿದಳು. ಅದು ಬಹಳ ಹೊತ್ತು ಹಾಸಿಗೆಗೇ ಮಾತಾಡಿತು.

ಹತ್ತು ದಿನಕ್ಕೆ ಅವನು ಬಂದ. ಓಣಿಯವರು ಚಪ್ಪಾಳೆ ತಟ್ಟಿದರು, ಶಂಕ್ರವ್ವ ಮಹಡಿಯಿಂದ ಹೂ ಎರಚಿದಳು. ಏಳು ದಿನ ಮನೆಯೊಳಗೇ ಇರಬೇಕೆಂದು ಬರೆದುಕೊಟ್ಟಿದ್ದರೂ ಅವನು ಕಟ್ಟೆ ಬಿಟ್ಟು ಒಳಗೆ ಬರಲಿಲ್ಲ.

ಮುಂದಿನ ಶನಿವಾರ ಸಮತಾ ಬಂದು ಕಾಗದ ಕಿತ್ತಳು. ಭಾನುವಾರ ಮುಂಜಾನೆ ಆರಕ್ಕೆ ಗುಲ್ನಾರ ಬುರ್ಖಾ ತೊಟ್ಟು ಚಪ್ಪಲಿ ಮೆಟ್ಟಿದಳು.

"ಇವತ್ತ ಐತವಾರ. ಬಂದ್ ಐತಿ" ಎಂದಳು ಹುಸೇನಬಿ.

"ಗೊತ್ತೈತ್ರಿ. ನನ್ನ ಬಂದ್ ಮುಗದೇತಿ." ಮಜೀದನ ಕಡೆ ತಿರುಗಿದಳು. "ಚೀಟಿ."

"ಅದನ್ನ ಅಲ್ಲಿ ಅಂಗಿ ಜೋಡಿ ಸುಟ್ಟಬಿಟ್ರು ಭಾಬಿ. ನಾ ಬರ್ಲ್ಯಾ ಜೋಡಿಗೆ? ನನ್ನ ಪರಿಚಯ ಐತಿ ಅಲ್ಲಿ."

"ಬ್ಯಾಡ."

ಓಣಿಯ ಬಾಯಲ್ಲಿ ಬಿದಿರು ಬಿಚ್ಚಿ ಪಕ್ಕಕ್ಕೆ ಒರಗಿಸಿದ್ದರು. ಅದರ ಜಾಗದಲ್ಲಿ ಹೋಮ್‌ಗಾರ್ಡ್ ಉಡಚಪ್ಪ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕುಳಿತಿದ್ದ.

"ಎಲ್ಲಿಗ್ರಿ ಬಾಯಾರ?"

"ನಡೀಲಿಕ್ಕೆ."

"ಇವತ್ತ ಹಾಲು, ಔಷಧ ಅಷ್ಟರಿ. ಚೀಟಿ ಐತೇನ್ರಿ?"

"ಇತ್ತು. ನಡೀಬೇಕಂತ ಡಾಕ್ಟರು ಬರದಿದ್ರು."

"ನಡಿಯಾಕ ಚೀಟಿ ಬರಕೊಡೋ ಡಾಕ್ಟರನ್ನ ನಾ ಕಂಡಿಲ್ರಿ."

"ಕಂಡೀರಿ. ಎರಡು ತಿಂಗಳು ದಿನಾ ಕಂಡೀರಿ, ಮಜೀದನ ಕೈಯಾಗ."

ಉಡಚಪ್ಪ ಮಾಸ್ಕು ಕೆಳಗೆ ಮಾಡಿ ಯೋಚಿಸಿದ. "ಮಜೀದಸಾಬನ ಚೀಟಿ ಅಂತೀರೇನು? ಅವಂದು ಖರೇ ಚೀಟ್ರಿ ಅದು. ಒಂದಿನಾನೂ ತಡದಿಲ್ಲ ನಾ."

"ಅದು ನನ್ನದು."

"ಇರಬಹುದ್ರಿ. ಆದ್ರ ಈಗ ನಿಮ್ಮ ಕೈಯಾಗ ಇಲ್ಲಲ್ಲ." ಅವನು ಒರಟಾಗಿ ಹೇಳಲಿಲ್ಲ. "ನಾಳೆ ಬರ್ರಿ. ನಾಳೆ ಯಾರೂ ಕೇಳಂಗಿಲ್ಲ."

"ನೂರಾ ನಲವತ್ನಾಕ ದಿನ ಆತು, ಎಲ್ಲಾರೂ ನನಗ ನಾಳೆ ಅನ್ನಾಕತ್ತು."

ಗಂಡ ಹೋದ ದಿನದಿಂದ ಎಣಿಸಿದ ಆ ಲೆಕ್ಕ ಅವನಿಗೆ ತಿಳಿಯಲಿಲ್ಲ. ಅವನ ಹಿಂದೆ ರಸ್ತೆ ಖಾಲಿ ಬಿದ್ದಿತ್ತು. ಒಂದು ನಾಯಿ ಅದರ ನಡುವೆ ಹಾಯಾಗಿ ದಾಟಿಹೋಯಿತು.

"ಓಣಿಯೊಳಗ ನಡಿಬಹುದಲ್ಲ?"

"ಓಣಿಯೊಳಗ..." ಉಡಚಪ್ಪ ತಡವರಿಸಿದ. "ಅದರ ಬಗ್ಗೆ ನನಗ ಏನೂ ಹೇಳಿಲ್ರಿ. ನಡೀರಿ."

ಕುರ್ಚಿಯಿಂದ ಓಣಿಯ ಕೊನೆಯ ಗೋಡೆಗೆ ಅರವತ್ತನಾಲ್ಕು ಹೆಜ್ಜೆ. ಹೋದಳು, ತಿರುಗಿದಳು, ಬಂದಳು. ಒಂದೊಂದೇ ಬಾಗಿಲು ತೆರೆಯಿತು. ಶಂಕ್ರವ್ವ ಕಸಬರಿಗೆ ಹಿಡಿದು ನಿಂತಳು.

"ಏನರ ಕಳಕೊಂಡಿ ಏನ ಗುಲ್ನಾರಕ್ಕ? ಏನ ಹುಡಕಾಕತ್ತಿ?"

"ಏನಿಲ್ಲ. ನಡ್ಯಾಕತ್ತೇನಿ."

"ಇಲ್ಲೇ?"

"ಇಲ್ಲೇ."

ಆರನೆಯ ಸುತ್ತಿಗೆ ಮೀನಖಂಡ ಬಿಗಿಯಿತು. ಎಂಟನೆಯದಕ್ಕೆ ಅಂಗಾಲು ಉರಿಯತೊಡಗಿತು, ಹೆಬ್ಬೆರಳು ಮಾತ್ರ ಇನ್ನೂ ಮರದ ತುಂಡಿನ ಹಾಗೇ ಇತ್ತು. ಹುಸೇನಬಿ ಹೊಸ್ತಿಲಿಗೆ ಬಂದಳು.

"ಸಾಕ ಬಾರವಾ, ಮಂದಿ ನೋಡಾಕತ್ತಾರ."

"ನೋಡ್ಲಿರಿ ಅಮ್ಮಾ."

ಕಟ್ಟೆಯ ಮೇಲೆ ಮಜೀದ ಚಹಾದ ಬಶಿ ಊದುತ್ತಿದ್ದ. "ಎಷ್ಟ ನಿಮಿಷ ಆತು ಭಾಬಿ?"

"ಹದಿನೇಳು."

"ನಾ ಆಗಿದ್ರ ಇಷ್ಟೊತ್ತಿಗೆ ತಲಾಬ್ ಮುಟ್ಟಿರ್ತಿದ್ದೆ."

ಗುಲ್ನಾರ ನಿಂತಳು. "ಮಜೀದ, ಏಳು. ನಿನಗ ಏಳ ದಿನ ಒಳಗ ಇರಂತ ಬರದಾರ. ಒಳಗ ನಡಿ."

ಅವನು ನಕ್ಕ. ಅವಳು ನಗಲಿಲ್ಲ. ಅವನು ತಾಯಿಯ ಕಡೆ ನೋಡಿದ. ಹುಸೇನಬಿ ಬಾಗಿಲಿನಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಮಜೀದ ಬಶಿ ಹಿಡಿದುಕೊಂಡೇ ಒಳಗೆ ಹೋದ.

ಇನ್ನೂ ಇಪ್ಪತ್ತಮೂರು ನಿಮಿಷ. ಮತ್ತೆ ಕುರ್ಚಿಯ ತನಕ ಬಂದಳು. ಉಡಚಪ್ಪ ಪ್ರತಿ ಸಲವೂ ತನ್ನ ಕಾಲು ಹಿಂದೆಳೆದುಕೊಳ್ಳಬೇಕಾಗಿತ್ತು. ನಾಲ್ಕು ಸುತ್ತು ಎಳೆದುಕೊಂಡ. ಐದನೆಯ ಸಲಕ್ಕೆ ಎದ್ದು, ಕುರ್ಚಿ ಎತ್ತಿಕೊಂಡು ರಸ್ತೆಯ ಕಡೆಗೆ ಹಾಕಿ, ಅವಳಿಗೆ ಬೆನ್ನು ಮಾಡಿ ಕುಳಿತ.

ಗುಲ್ನಾರ ಆ ಜಾಗವನ್ನೂ ನಡೆದಳು. ಮೂರು ಹೆಜ್ಜೆ. ಅರವತ್ತನಾಲ್ಕು ಅರವತ್ತೇಳಾಯಿತು. ಗಡಿಯಾರ ನೋಡಿಕೊಂಡು ಗೋಡೆಯ ಕಡೆಗೆ ತಿರುಗಿದಳು.